ಸಂಚಕಾರ ಕೊಟ್ಟು ಕಾದ ನಾಣ್ಯಗಳು: ಆನ್‌ಲೈನ್ ಮುಂಗಡ ಬುಕಿಂಗ್ ಸೇವೆಯ ವಿಮರ್ಶೆ

ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸರ್ಕಾರ ಹೊರತರುವ ಸ್ಮಾರಕ ನಾಣ್ಯಗಳನ್ನು ಕೂಡಿಡುವುದು ಹದಿನಾಲ್ಕು ವರ್ಷಗಳಿಂದ ಬಿಡದೆ ಬಂದ ಹವ್ಯಾಸ. 2023ರಿಂದ ಈಚೆಗೆ ನಾನು ಮೂರು ಸಲ ಮತ್ತು ಗಂಜಿನ ನನ್ನ ಗೆಳೆಯರೊಬ್ಬರು ಒಂದು ಸಲ, ಇನ್ನೂ ಮಾರಾಟಗಾರನ ಕೈಗೇ ಬಾರದ ನಾಣ್ಯಕ್ಕೆ ಮೊದಲೇ ಹಣ (ಪೂರ್ತಿ ಬೆಲೆ, ಇಲ್ಲವೇ ಸಂಚಕಾರವೆಂಬ ಸಣ್ಣ ಮುಂಗಡ) ಕೊಟ್ಟು ಕಾದಿದ್ದೇವೆ. ಈ ನಾಲ್ಕು ವ್ಯವಹಾರಗಳ ಆಧಾರದ ಮೇಲೆ, ದೊಡ್ಡ ಆನ್‌ಲೈನ್ ಮಾರಾಟ ತಾಣಗಳಲ್ಲಿ ಬೇರೆ ಬೇರೆ ಮಾರಾಟಗಾರರು ನಡೆಸುವ ‘ಪ್ರಿ-ಆರ್ಡರ್’ ಸೇವೆ ಸಂಗ್ರಾಹಕನಿಗೆ ಎಷ್ಟು ಯೋಗ್ಯ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಣದ ಹೆಸರನ್ನಾಗಲಿ ಮಾರಾಟಗಾರರ ಹೆಸರನ್ನಾಗಲಿ ಬೇಕೆಂದೇ ಬರೆದಿಲ್ಲ, ಏಕೆಂದರೆ ನಾನು ಕಂಡ ದೋಷ ಒಬ್ಬರ ಅಂಗಡಿಗೆ ಸೀಮಿತವಾದದ್ದಲ್ಲ. ಆ ವ್ಯವಹಾರದ ಪದ್ಧತಿಯಲ್ಲೇ ಇದೆ.

ನಾಣ್ಯದ ಗೀಳು ನನಗೆ ಅಜ್ಜಿಯಿಂದ ಬಂದದ್ದು. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ನೆರೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದ್ದರಿಂದ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಚಾರ್‌ಮಿನಾರ್ ಚಿತ್ರದ ‘ಹಾಲಿ ಸಿಕ್ಕಾ’ ಬೇರೆ, ಬ್ರಿಟಿಷ್ ಸರ್ಕಾರದ ‘ಕಲ್ದಾರ್’ ಬೇರೆ. ತುಂಗಭದ್ರೆ ದಾಟಿದರೆ ರೂಪಾಯಿಯ ಬೆಲೆಯೇ ಬದಲಾಗುತ್ತಿದ್ದ ಕಾಲವದು. ಅಜ್ಜಿ ತನ್ನ ಕಬ್ಬಿಣದ ಟ್ರಂಕಿನಲ್ಲಿಟ್ಟಿದ್ದ ಐದು ಹಾಲಿ ರೂಪಾಯಿಗಳೇ ನನ್ನ ಸಂಗ್ರಹದ ಮೊದಲ ಪುಟ. ಹಳೆಯ ನಾಣ್ಯ ಕೊಳ್ಳುವವನು ವಸ್ತುವನ್ನು ಕೈಯಲ್ಲಿ ಹಿಡಿದು, ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ, ಆಮೇಲೆ ಹಣ ಕೊಡುತ್ತಾನೆ. ಹೊಸ ಸ್ಮಾರಕ ನಾಣ್ಯದ ವ್ಯಾಪಾರದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗಾಗಿದೆ.

ಈ ನಾಣ್ಯಗಳು ಹೊರಬರುವ ಬಗೆಯನ್ನು ತಿಳಿದಿದ್ದರೆ ಅರ್ಧ ರಕ್ಷಣೆ ಅಲ್ಲೇ ಸಿಗುತ್ತದೆ. ಒಂದು ಸ್ಮಾರಕ ನಾಣ್ಯವನ್ನು ಟಂಕಿಸುವ ಮೊದಲು ಕೇಂದ್ರ ಹಣಕಾಸು ಸಚಿವಾಲಯ ರಾಜಪತ್ರದಲ್ಲಿ (ಗೆಜೆಟ್) ಅಧಿಸೂಚನೆ ಹೊರಡಿಸುತ್ತದೆ. ಅದರಲ್ಲಿ ನಾಣ್ಯದ ಮುಖಬೆಲೆ, ವ್ಯಾಸ, ಲೋಹದ ಪ್ರಮಾಣ, ಅಂಚಿನ ಗೀರುಗಳ ಸಂಖ್ಯೆ, ಎರಡೂ ಬದಿಗಳಲ್ಲಿ ಇರಬೇಕಾದ ಬರಹ ಎಲ್ಲವೂ ನಮೂದಾಗಿರುತ್ತವೆ. ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿರುವ ಸರ್ಕಾರಿ ಟಂಕಸಾಲೆಗಳಲ್ಲಿ ಒಂದು ಆ ನಾಣ್ಯವನ್ನು ತಯಾರಿಸಿ, ಟಂಕಸಾಲೆಗಳ ಜಾಲತಾಣದಲ್ಲಿ ನಿಗದಿತ ದಿನಗಳವರೆಗೆ ಬುಕಿಂಗ್ ತೆರೆದು, ಪ್ರೂಫ್ (ಕನ್ನಡಿಯಂತೆ ಹೊಳೆಯುವ ವಿಶೇಷ ಟಂಕನ) ಮತ್ತು ಅನ್‌ಸರ್ಕ್ಯುಲೇಟೆಡ್ (ಚಲಾವಣೆಗೆ ಹೋಗದ) ಎಂಬ ದರ್ಜೆಗಳಲ್ಲಿ ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ ಮಾರುತ್ತದೆ. ಬುಕಿಂಗ್‌ನ ದಿನ ತಪ್ಪಿಸಿಕೊಂಡವರು, ಜಾಲತಾಣದಲ್ಲಿ ಪಾವತಿ ಕೈಕೊಟ್ಟವರು, ಒಂದು ದಿನ ಮೊದಲೇ ಸಿಗಲಿ ಎಂದು ಆತುರಪಡುವವರು ಖಾಸಗಿ ಮಾರಾಟಗಾರರ ಕಡೆ ತಿರುಗುತ್ತಾರೆ. ಆ ಮಾರಾಟಗಾರರಲ್ಲಿ ಟಂಕಸಾಲೆಯಲ್ಲಿ ನಿಜವಾಗಿ ಬುಕ್ ಮಾಡಿ ಲಾಭಕ್ಕೆ ಮಾರುವವರೂ ಇದ್ದಾರೆ, ಏನನ್ನೂ ಬುಕ್ ಮಾಡದೆ ನಮ್ಮ ಹಣವನ್ನೇ ಬಂಡವಾಳ ಮಾಡಿಕೊಂಡು ನೋಡೋಣ ಎಂದು ಕುಳಿತವರೂ ಇದ್ದಾರೆ. ಪರದೆಯ ಮೇಲೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ.

ನನ್ನ ಮೊದಲ ಬುಕಿಂಗ್ ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯಕ್ಕೆ ಸಂಬಂಧಿಸಿದ್ದು. ಆ ನಾಣ್ಯ 2023ರ ಮೇ 28ರಂದು, ಭವನದ ಉದ್ಘಾಟನೆಯ ದಿನ ಬಿಡುಗಡೆಯಾಯಿತು. ಅಧಿಸೂಚನೆಯ ಪ್ರಕಾರ ಅದರ ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ, ಅಂಚಿನಲ್ಲಿ 200 ಗೀರು. ಲೋಹದಲ್ಲಿ ಶೇಕಡ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ಜೂನ್ 11ರ ಭಾನುವಾರ ಮಾರಾಟ ತಾಣದಲ್ಲಿ ಹುಡುಕಿದಾಗ ಸುಮಾರು ಹತ್ತು ಮಾರಾಟಗಾರರು ‘ಪ್ರಿ-ಆರ್ಡರ್’ ಎಂದು ಹಾಕಿದ್ದರು. ಒಬ್ಬರು 799 ರೂಪಾಯಿಗೆ ಕೊಡುವುದಾಗಿ ಬರೆದಿದ್ದರು. ನಾಣ್ಯದಲ್ಲಿರುವ ಹದಿನೇಳೂವರೆ ಗ್ರಾಂ ಬೆಳ್ಳಿಯ ಬೆಲೆಯೇ ಆಗಿನ ದರದಲ್ಲಿ ಸಾವಿರ ದಾಟುತ್ತಿದ್ದುದರಿಂದ ಅದನ್ನು ಬಿಟ್ಟೆ. ನಾಲ್ಕು ಸಾವಿರದ ಮುನ್ನೂರೈವತ್ತು ರೂಪಾಯಿ ಹೇಳಿದ ಇನ್ನೊಬ್ಬರು ನಂಬಿಕೆಗೆ ಯೋಗ್ಯರೆನಿಸಿದರು. ಬೆಲೆ ಸರಿಯಾಗಿತ್ತು, ನಾಲ್ಕೂಕಾಲು ನಕ್ಷತ್ರದ ಸರಾಸರಿ ಇತ್ತು, ಜುಲೈ 30ರೊಳಗೆ ತಲುಪಿಸುವುದಾಗಿ ವಿವರಣೆಯಲ್ಲಿ ಬರೆದಿದ್ದರು. ಪೂರ್ತಿ ಹಣ ಕಟ್ಟಿದೆ.

ಆಗ ನಾನು ನೋಡದೆ ಬಿಟ್ಟ ಸಂಗತಿಗಳನ್ನು ಈಗ ಬರೆಯಬೇಕು. ಆ ನಕ್ಷತ್ರಗಳ ಹಿಂದಿನ ಅಭಿಪ್ರಾಯಗಳನ್ನು ತೆರೆದು ಓದಿದ್ದರೆ, ಅವುಗಳಲ್ಲಿ ಬಹುಪಾಲು ಮೊಬೈಲ್ ಕವರು ಮತ್ತು ಗೋಡೆ ಗಡಿಯಾರದ ಬಗ್ಗೆ ಇದ್ದವೆಂದು ತಿಳಿಯುತ್ತಿತ್ತು. ನಾಣ್ಯ ಕೊಂಡವರ ಮಾತು ಒಂದೂ ಇರಲಿಲ್ಲ. ಚಿತ್ರ ಪತ್ರಿಕೆಗಳಲ್ಲಿ ಬಂದದ್ದೇ ಆಗಿತ್ತು, ಮಾರಾಟಗಾರ ಸ್ವಂತವಾಗಿ ತೆಗೆದದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಜುಲೈ 30’ ಎಂಬ ಮಾತು ಮಾರಾಟಗಾರನ ವಿವರಣೆಯಲ್ಲಿತ್ತೇ ಹೊರತು ತಾಣದ ಆರ್ಡರ್ ಪುಟದಲ್ಲಿ ಇರಲಿಲ್ಲ, ಮತ್ತು ಆ ವಿವರಣೆಯನ್ನು ಮಾರಾಟಗಾರ ಯಾವಾಗ ಬೇಕಾದರೂ ತಿದ್ದಬಹುದಾಗಿತ್ತು. ಆಗಸ್ಟ್‌ನಲ್ಲಿ ನಾನು ಮತ್ತೆ ನೋಡಿದಾಗ ಆ ಸಾಲೇ ಅಲ್ಲಿರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರಿಂದ ಉಳಿದೆ.

ಜುಲೈ 27ರಂದು ‘ರವಾನೆಯಾಗಿದೆ’ ಎಂಬ ಸಂದೇಶ ಬಂತು. ಆಗಸ್ಟ್ 4ರಂದು ಪಾರ್ಸೆಲ್ ಮನೆಗೆ ತಲುಪಿದಾಗ ನಾನು ಅತ್ತೆಯವರ ಅನಾರೋಗ್ಯದ ಕಾರಣ ದೇವದುರ್ಗದಲ್ಲಿದ್ದೆ. ಮಗ ಸಹಿ ಮಾಡಿ ತೆಗೆದುಕೊಂಡ. 13ರ ಭಾನುವಾರ ಊರಿಗೆ ಬಂದು ಬಿಚ್ಚಿದೆ. ಒಳಗೆ ನೀಲಿ ಮಖಮಲ್ಲಿನ ಡಬ್ಬಿ, ಅದರೊಳಗೆ ಪ್ಲಾಸ್ಟಿಕ್ ಕ್ಯಾಪ್ಸೂಲ್, ಅದರಲ್ಲಿ ಕನ್ನಡಿಯಂತೆ ಹೊಳೆಯುವ ನಾಣ್ಯ. ಮೊದಲ ನೋಟಕ್ಕೆ ಸಂತೋಷವೇ ಆಯಿತು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಗೀರುಗಳು ಒಂದೆಡೆ ಒತ್ತಾಗಿ, ಇನ್ನೊಂದೆಡೆ ಸವೆದಂತೆ ಕಂಡವು. ಮರುದಿನ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಅವರು ನಾಣ್ಯವನ್ನಿಟ್ಟು ಬಾಗಿಲು ಸರಿಸಿದರು. ಅಂಕಿಗಳು ಸ್ವಲ್ಪ ಹೊತ್ತು ಅಲುಗಾಡಿ 24.380ರ ಮೇಲೆ ನಿಂತವು. ಅವರು ಮಾತಾಡದೆ ಮೇಜಿನ ಖಾನೆಯಿಂದ ಗುಂಡಿಯಷ್ಟು ದೊಡ್ಡ ಅಯಸ್ಕಾಂತ ತೆಗೆದು ನಾಣ್ಯದ ಮೇಲೆ ಹಿಡಿದರು. ನಾಣ್ಯ ಟಕ್ಕನೆ ಮೇಲೆದ್ದು ಅಂಟಿಕೊಂಡಿತು. “ಇದು ಬೆಳ್ಳಿ ಅಲ್ರೀ ಸರ, ಕಬ್ಬಿಣದ ಮ್ಯಾಲ ಗಿಲೀಟು ಕೊಟ್ಟಾರ” ಎಂದರು. ಬೆಳ್ಳಿ, ತಾಮ್ರ, ನಿಕ್ಕಲ್, ಸತುಗಳ ಆ ಮಿಶ್ರಲೋಹವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಅಯಸ್ಕಾಂತಕ್ಕೆ ಅಂಟದಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು, ಆದರೆ ಅಂಟಿದರೆ ಅಲ್ಲಿಗೆ ಮುಗಿಯಿತು.

ಅಂದೇ ತಾಣದ ಗ್ರಾಹಕ ಸೇವೆಗೆ ಕರೆ ಮಾಡಿದೆ. ಉತ್ತರಿಸಿದ ಹುಡುಗಿ ಸೌಜನ್ಯದಿಂದಲೇ ಮಾತನಾಡಿದಳು, ಆದರೆ ಹೇಳಿದ್ದು ಒಂದೇ: ತಲುಪಿದ ಏಳು ದಿನಗಳೊಳಗೆ ಮರಳಿಸಬೇಕಿತ್ತು, ಈಗ ಹತ್ತನೆಯ ದಿನ. ನಾನು ಐವತ್ತನಾಲ್ಕು ದಿನ ಕಾದದ್ದು ಅವರ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ನಾನು ಬಿಚ್ಚುವುದಕ್ಕೆ ಮಾಡಿದ ತಡ ಮಾತ್ರ ಇತ್ತು. ಸಾಮಾನ್ಯವಾಗಿ ಇಂಥ ತಾಣಗಳಲ್ಲಿ ಗ್ರಾಹಕ ಕಟ್ಟಿದ ಹಣ ತಾಣದ ಬಳಿಯೇ ಇದ್ದು, ವಸ್ತು ತಲುಪಿ ಮರಳಿಸುವ ಅವಧಿ ಕಳೆದ ಮೇಲೆ ಮಾರಾಟಗಾರನ ಖಾತೆಗೆ ಹೋಗುತ್ತದೆ. ಈ ಏರ್ಪಾಡು ನಮ್ಮ ರಕ್ಷಣೆಗಾಗಿಯೇ ಇದೆ. ಆದರೆ ಕೆಟ್ಟ ಮಾರಾಟಗಾರನಿಗೆ ಇದರಿಂದ ಸಿಗುವ ಪಾಠವೆಂದರೆ, ಏನನ್ನಾದರೂ ಸರಿ ಒಂದನ್ನು ಡಬ್ಬಿಗೆ ಹಾಕಿ ತಲುಪಿಸಿಬಿಟ್ಟರೆ ಏಳು ದಿನಗಳ ಗಡಿಯಾರ ಓಡತೊಡಗುತ್ತದೆ ಎಂಬುದು. ತಿಂಗಳುಗಟ್ಟಲೆ ಕಾದ ಗ್ರಾಹಕ ಡಬ್ಬಿ ಬಂದ ಸಂತೋಷದಲ್ಲಿ ತೂಕ ನೋಡುವುದಿಲ್ಲ ಎಂಬುದೂ ಅವನಿಗೆ ಗೊತ್ತು.

ಆಮೇಲೆ ನಿಯಮಗಳನ್ನು ಓದಿಕೊಂಡೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಜಾರಿಗೆ ಬಂದಿವೆ. ತಾಣದಲ್ಲಿ ಮಾರುವವರು ನಕಲಿ ಅಥವಾ ದೋಷವುಳ್ಳ ವಸ್ತುವನ್ನು, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ಮರಳಿ ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ ವಸ್ತುವಿಗೂ, ತಡಕ್ಕೆ ಕೈಮೀರಿದ ಕಾರಣ ಇಲ್ಲದಿದ್ದರೆ, ಇದೇ ನಿಯಮ. ಮುಂಗಡ ಬುಕಿಂಗ್ ಮಾಡುವವರಿಗೆ ಈ ಕೊನೆಯ ಮಾತು ಬಹಳ ಬೆಲೆಯುಳ್ಳದ್ದು, ಆದರೆ ‘ಹೇಳಿದ ದಿನ’ ಯಾವುದೆಂದು ತೋರಿಸುವ ಕಾಗದ ನಮ್ಮ ಬಳಿ ಇರಬೇಕು. ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ಪ್ರಕಟಿಸಿರಬೇಕು. ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆಗಸ್ಟ್ 16ರಂದು ನಾನು ಆ ಅಧಿಕಾರಿಗೆ ಇಮೇಲ್ ಕಳುಹಿಸಿ, ವಿವರಣೆಯ ಸ್ಕ್ರೀನ್‌ಶಾಟ್, ಅಧಿಸೂಚನೆಯ ಪ್ರತಿ, ತಕ್ಕಡಿಯ ಮೇಲಿನ ನಾಣ್ಯದ ಫೋಟೊ, ಅಯಸ್ಕಾಂತಕ್ಕೆ ಅಂಟಿದ ವಿಡಿಯೊ ಎಲ್ಲವನ್ನೂ ಲಗತ್ತಿಸಿದೆ. 17ರಂದು ತಲುಪಿದ ಸೂಚನೆ ಬಂತು. ಎರಡು ವಾರ ಮತ್ತೇನೂ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಕಡತ ಚಲಿಸಿತು. ಸೆಪ್ಟೆಂಬರ್ 19ರಂದು, ನಿಯಮ ಹೇಳುವ ತಿಂಗಳು ಮುಗಿದ ಮೂರು ದಿನಕ್ಕೆ, ಪೂರ್ತಿ ಹಣ ಖಾತೆಗೆ ಮರಳಿತು.

ಹಾಗೆ ಮರಳದಿದ್ದರೆ ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದೆಂದು ಸಿದ್ಧನಾಗಿದ್ದೆ. ಮಾರಾಟಗಾರ ದೆಹಲಿಯಲ್ಲಿದ್ದರೂ ಸೂರತ್‌ನಲ್ಲಿದ್ದರೂ, 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಕಾಶ ಇದೆ. ನಮ್ಮ ಭಾಗದ ಬಹಳ ಜನ ‘ಅವರೆಲ್ಲೋ, ನಾವೆಲ್ಲೋ’ ಎಂದು ಕೈಬಿಡುವುದನ್ನು ಕಂಡಿದ್ದೇನೆ. ಅವರಿಗಾಗಿ ಇಷ್ಟನ್ನು ಬಿಡಿಸಿ ಬರೆದೆ.

ಗಂಜಿನಲ್ಲಿ ಕುಳಿತು ಈ ವ್ಯವಹಾರವನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹತ್ತಿ ತಂದ ರೈತ, ಅದನ್ನು ಕೊಳ್ಳುವ ವ್ಯಾಪಾರಿ, ನಡುವೆ ಅಡತಿ ಅಂಗಡಿ. ಮಾಲು ಅಡತಿಯವರದಲ್ಲ, ಆದರೂ ತೂಕಕ್ಕೆ ಮತ್ತು ಹಣಕ್ಕೆ ಅವರ ಹೆಸರು ಅಡವಿದ್ದಂತೆ. ಆನ್‌ಲೈನ್ ತಾಣವೂ ಅಡತಿ ಅಂಗಡಿಯೇ, ಆದರೆ ಅಡತಿಯ ಜವಾಬ್ದಾರಿಯನ್ನು ಅದು ಏಳು ದಿನಕ್ಕೆ ಕತ್ತರಿಸಿಟ್ಟಿದೆ. ಇನ್ನು ಮುಂಗಡದ ವಿಷಯ. ನಮ್ಮಲ್ಲಿ ಎತ್ತು ಕೊಳ್ಳುವಾಗಲೂ ಮನೆ ಕೊಳ್ಳುವಾಗಲೂ ಮೊದಲು ಕೊಡುವುದು ಸಂಚಕಾರ: ಮಾತು ಗಟ್ಟಿಯಾಗಲು ಬೇಕಾದಷ್ಟು ಸಣ್ಣ ಮೊತ್ತ, ಜೊತೆಗೊಂದು ವಾಯಿದೆ. ವಾಯಿದೆ ತಪ್ಪಿದವನು ಸಂಚಕಾರವನ್ನು ಮರಳಿಸಬೇಕು, ಕೊಳ್ಳುವವನು ಹಿಂಜರಿದರೆ ಅದನ್ನು ಬಿಟ್ಟುಕೊಡಬೇಕು. ಇಬ್ಬರ ಕುತ್ತಿಗೆಗೂ ಒಂದೇ ಹಗ್ಗ. ಪ್ರಿ-ಆರ್ಡರ್‌ನಲ್ಲಿ ಕೊಳ್ಳುವವನು ಪೂರ್ತಿ ಬೆಲೆಯನ್ನು ಕೊಟ್ಟುಬಿಟ್ಟಿರುತ್ತಾನೆ, ವಾಯಿದೆಯನ್ನು ಬರೆಯುವುದೂ ತಿದ್ದುವುದೂ ಮಾರುವವನ ಕೈಯಲ್ಲಿರುತ್ತದೆ. ಇದನ್ನು ಖರೀದಿ ಎನ್ನುವುದಕ್ಕಿಂತ ಗುರುತಿಲ್ಲದವರಿಗೆ ಕೊಟ್ಟ ಬಡ್ಡಿಯಿಲ್ಲದ ಕೈಗಡ ಎನ್ನುವುದೇ ಸರಿ. ಹಾಗೆಂದು ತಿಳಿದು ಕೊಡುವವರು, ಕೈಗಡ ಕೊಡುವಾಗ ನೋಡುವುದನ್ನೆಲ್ಲ ನೋಡಿಯೇ ಕೊಡುತ್ತಾರೆ.

ಗೆಳೆಯರ ಪ್ರಕರಣ ಇದಕ್ಕಿಂತ ಕೆಟ್ಟದ್ದು. ರಿಸರ್ವ್ ಬ್ಯಾಂಕಿನ ತೊಂಬತ್ತು ವರ್ಷದ ನೆನಪಿಗೆ 2024ರ ಏಪ್ರಿಲ್ 1ರಂದು ಬಿಡುಗಡೆಯಾದ 90 ರೂಪಾಯಿ ನಾಣ್ಯ 40 ಗ್ರಾಂ ಶುದ್ಧ ಬೆಳ್ಳಿಯದು, ಹಾಗಾಗಿ ಬೇಡಿಕೆ ಜೋರಾಗಿತ್ತು. ತಾಣದಲ್ಲಿ ಕಂಡ ಮಾರಾಟಗಾರನಿಗೆ ಅವರು ಪ್ರಶ್ನೆ ಕಳುಹಿಸಿದಾಗ, ಅವನು ತನ್ನ ವಾಟ್ಸಾಪ್ ಸಂಖ್ಯೆ ಕೊಟ್ಟು, “ತಾಣದವರು ಕಮಿಷನ್ ಹಿಡಿಯುತ್ತಾರೆ, ನೇರವಾಗಿ ಯುಪಿಐ ಮಾಡಿದರೆ ನಾನೂರು ರೂಪಾಯಿ ಕಡಿಮೆ” ಎಂದ. ಗೆಳೆಯರು 5,800 ರೂಪಾಯಿ ಕಳುಹಿಸಿದರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬಂದ ಹೆಸರು ಅಂಗಡಿಯದ್ದಾಗಿರಲಿಲ್ಲ, ಯಾರೋ ವ್ಯಕ್ತಿಯದ್ದಾಗಿತ್ತು. ಅಲ್ಲಿಯೇ ನಿಲ್ಲಬೇಕಿತ್ತು ಎಂದು ಅವರು ಈಗಲೂ ನೊಂದುಕೊಳ್ಳುತ್ತಾರೆ. ಇಪ್ಪತ್ತು ದಿನಗಳ ನಂತರ, ನಾಣ್ಯ ಬಿಡಿಸಿಕೊಳ್ಳಲು ‘ರಿಸರ್ವ್ ಬ್ಯಾಂಕ್ ಶುಲ್ಕ’ವೆಂದು ಆ ಮಾರಾಟಗಾರ ಇನ್ನೂ 1,150 ರೂಪಾಯಿ ಕೇಳಿದ. ಆಗ ಗೆಳೆಯರು ನನ್ನ ಬಳಿ ಬಂದರು. ನಾಣ್ಯ, ನೋಟುಗಳ ಖರೀದಿ-ಮಾರಾಟಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬಾರದು, ತಾನು ಅಂಥ ವ್ಯವಹಾರವನ್ನೇ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರನ್ನು ಎಚ್ಚರಿಸಿತ್ತು. ಎರಡನೆಯ ಮೊತ್ತ ಉಳಿಯಿತು, ಮೊದಲನೆಯದು ಹೋಯಿತು.

ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ವಂಚನೆಯಾದ ಕೆಲವೇ ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ಮುಂದಿನ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮುಂಗಡ ಬುಕಿಂಗ್‌ನಲ್ಲಿ ಈ ದಾರಿಯೂ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಏಕೆಂದರೆ ಮೋಸವಾಗಿದೆ ಎಂಬುದೇ ನಮಗೆ ವಾರಗಟ್ಟಲೆ ತಿಳಿಯುವುದಿಲ್ಲ. ಕಾಯುವುದು ಒಪ್ಪಂದದ ಭಾಗವೇ ಆಗಿರುವಾಗ ಯಾರು ಮೊದಲ ದಿನವೇ ದೂರು ಕೊಡುತ್ತಾರೆ? ಬ್ಯಾಂಕಿನವರಲ್ಲಿಯೂ ವಿಚಾರಿಸಿದೆವು. ನಮ್ಮ ತಪ್ಪಿಲ್ಲದೆ, ನಮಗೆ ತಿಳಿಯದೆ ಖಾತೆಯಿಂದ ಹೋದ ಹಣಕ್ಕೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಇಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಆಗ ಇತ್ತು. ನಾವೇ ಪಿನ್ ಒತ್ತಿ ಕಳುಹಿಸಿದ ಹಣಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ವಸ್ತು ಬರಲಿಲ್ಲವೆಂದು ಬ್ಯಾಂಕಿನ ಮೂಲಕ ತಕರಾರು ಎತ್ತುವ ಅವಕಾಶ ಇರುತ್ತದೆ, ಅದಕ್ಕೂ ದಿನಗಳ ಮಿತಿ ಇರುತ್ತದೆ. ಮಾರಾಟಗಾರ ಪದೇ ಪದೇ “ಇನ್ನು ಹದಿನೈದು ದಿನ” ಎನ್ನುತ್ತಿದ್ದರೆ ಆ ಮಿತಿ ಕರಗುತ್ತಿದೆ ಎಂದೇ ಅರ್ಥ.

ಇಷ್ಟೆಲ್ಲ ಆದ ಮೇಲೂ ನಾನು ಇನ್ನೊಂದು ಬುಕಿಂಗ್ ಮಾಡಿದೆ, ಮತ್ತು ಅದು ಚೆನ್ನಾಗಿಯೇ ನಡೆಯಿತು. ಅದೇ 90 ರೂಪಾಯಿ ನಾಣ್ಯಕ್ಕಾಗಿ ಹುಬ್ಬಳ್ಳಿಯ ಒಬ್ಬ ನಾಣ್ಯ ವ್ಯಾಪಾರಿಯನ್ನು ಸಂಪರ್ಕಿಸಿದೆ. ಅವರು ತಾಣದಲ್ಲಿಯೂ ಮಾರುತ್ತಾರೆ, ಆದರೆ ಕೈಯಲ್ಲಿ ಇರುವ ಮಾಲನ್ನು ಮಾತ್ರ ಅಲ್ಲಿ ಹಾಕುತ್ತಾರೆ. ಬರಬೇಕಾದ ನಾಣ್ಯಕ್ಕೆ ಅಂಗಡಿಯಲ್ಲೇ ಹೆಸರು ಬರೆಸಬೇಕು. 7,200 ರೂಪಾಯಿ ಬೆಲೆಗೆ ಅವರು ಪಡೆದದ್ದು ಸಾವಿರ ರೂಪಾಯಿ ಸಂಚಕಾರ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಅದರ ಮೇಲೆ ನಾಣ್ಯದ ದರ್ಜೆ, ಬೆಲೆ, ವಾಯಿದೆ, ವಾಯಿದೆ ಮೀರಿದರೆ ಸಂಚಕಾರ ಮರಳಿಸುವ ಮಾತು ಎಲ್ಲವೂ ಇದ್ದವು. ಗೆಳೆಯರ ಪ್ರಕರಣ ಕಂಡು, ತಾಣದ ಹೊರಗೆ ಹಣ ಕೊಡಬಾರದೆಂದು ಹೇಳುವ ನಾನು ಹೊರಗೇ ಕೊಟ್ಟೆನಲ್ಲ ಎಂದು ಯಾರಾದರೂ ಕೇಳಬಹುದು, ಅದು ನ್ಯಾಯವಾದ ಪ್ರಶ್ನೆಯೇ. ಅವರ ಅಂಗಡಿಯ ಮೆಟ್ಟಿಲನ್ನು ನಾನು ಮೊದಲೇ ಎರಡು ಸಲ ಹತ್ತಿದ್ದೆ, ಕೊಟ್ಟ ಮೊತ್ತ ಕಳೆದುಹೋದರೂ ಮನೆಯ ಖರ್ಚು ನಿಲ್ಲದಷ್ಟಿತ್ತು, ಖಾತೆ ಅಂಗಡಿಯ ಹೆಸರಿನದ್ದಾಗಿತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಡುತ್ತಿರಲಿಲ್ಲ. ಮೂರನೆಯ ತಿಂಗಳು ಅವರಾಗಿಯೇ ಫೋನ್ ಮಾಡಿ, “ನಾವು ಬುಕ್ ಮಾಡಿದ್ದು ಇನ್ನೂ ಬಂದಿಲ್ಲ ಸರ್, ನಿಮಗೆ ಬೇಡವಾದರೆ ಇವತ್ತೇ ಹಣ ವಾಪಸ್ ಹಾಕ್ತೀನಿ” ಎಂದರು. ಕಾಯುತ್ತೇನೆಂದೆ. ಐದನೆಯ ತಿಂಗಳು ನಾಣ್ಯ ಬಂತು, ಅವರು ಫೋಟೊ ಮತ್ತು ತೂಕ ಕಳುಹಿಸಿದ ಮೇಲೆ ಉಳಿದ ಹಣ ಕಟ್ಟಿದೆ. ತಡವಾಯಿತೆಂಬುದು ನಿಜ, ಆದರೆ ತಡವನ್ನು ಮುಚ್ಚಿಡದ ಮಾರಾಟಗಾರನ ಬಗ್ಗೆ ನನಗೆ ಗೌರವವೇ ಹುಟ್ಟಿತು.

ಈಗ ನಾನು ಯಾವ ಬುಕಿಂಗ್‌ಗೂ ಮೊದಲು ಅಧಿಸೂಚನೆ ಹೊರಟಿದೆಯೇ, ಟಂಕಸಾಲೆ ಬುಕಿಂಗ್ ತೆರೆದಿದೆಯೇ ಎಂದು ನೋಡುತ್ತೇನೆ. ಟಂಕಸಾಲೆಯೇ ಬೆಲೆ ಹೇಳುವ ಮೊದಲು ‘ಖಚಿತ ಸ್ಟಾಕ್’ ಎನ್ನುವವನ ಬಳಿ ಇರುವುದು ಊಹೆ ಮಾತ್ರ. ಆಮೇಲೆ ಮಾರಾಟಗಾರನ ಜಿಎಸ್‌ಟಿ ಸಂಖ್ಯೆ. ಹದಿನೈದು ಅಕ್ಷರ-ಅಂಕಿಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: 29 ಎಂದರೆ ಕರ್ನಾಟಕ, 27 ಮಹಾರಾಷ್ಟ್ರ, 36 ತೆಲಂಗಾಣ, 07 ದೆಹಲಿ. ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಆ ಸಂಖ್ಯೆಯನ್ನು ಹಾಕಿ, ನೋಂದಣಿ ಯಾರ ಹೆಸರಿನಲ್ಲಿದೆ, ಯಾವಾಗ ಆಗಿದೆ, ಈಗ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂದು ತಿಳಿಯಬಹುದು. 75 ರೂಪಾಯಿಯ ಆ ಮಾರಾಟಗಾರನ ಸಂಖ್ಯೆಯನ್ನು ನಂತರ ಹಾಕಿ ನೋಡಿದಾಗ ನೋಂದಣಿ ರದ್ದಾಗಿತ್ತು. ಎರಡು ನಿಮಿಷದ ಈ ಕೆಲಸವನ್ನು, ದಿನವಿಡೀ ಬಿಲ್ಲುಗಳ ಮೇಲೆ ಇದೇ ಸಂಖ್ಯೆಗಳನ್ನು ಬರೆಯುವ ನಾನು, ನನ್ನ ಸ್ವಂತ ಹಣಕ್ಕೆ ಮಾಡಿರಲಿಲ್ಲ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ. ತಾಣವು ಮಾರಾಟಗಾರನ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆಗಳನ್ನು ಪ್ರಕಟಿಸಬೇಕೆಂಬುದೂ ಅದೇ 2020ರ ನಿಯಮಗಳಲ್ಲಿದೆ. ಕೊಂಡ ಮೇಲೆ ಲಿಖಿತವಾಗಿ ಕೇಳಿದರೆ ಹೆಚ್ಚಿನ ವಿವರವನ್ನೂ ಕೊಡಬೇಕು.

ಪಾರ್ಸೆಲ್ ಬಂದಾಗ ಮಾಡುವುದೂ ಬದಲಾಗಿದೆ. ಮನೆಯಲ್ಲಿ ಯಾರೇ ತೆಗೆದುಕೊಳ್ಳಲಿ, ಅಂದೇ ಬಿಚ್ಚಬೇಕು. ಬಿಚ್ಚುವಾಗ ವಿಳಾಸದ ಚೀಟಿಯಿಂದ ಹಿಡಿದು ತಕ್ಕಡಿಯ ಅಂಕಿಯವರೆಗೆ ಒಂದೇ ಓಟದ ವಿಡಿಯೊ ತೆಗೆಯಬೇಕು. ನಡುವೆ ನಿಲ್ಲಿಸಿದ ವಿಡಿಯೊಗೆ ಬೆಲೆ ಕಡಿಮೆ. ಇದಕ್ಕಾಗಿ ಒಂದು ಪುಟ್ಟ ಜೇಬು ತಕ್ಕಡಿ ಮತ್ತು ವರ್ನಿಯರ್ ಅಳತೆಪಟ್ಟಿ ಕೊಂಡಿಟ್ಟಿದ್ದೇನೆ. ಮಗನಿಗೂ ಕಲಿಸಿದ್ದೇನೆ.

ತಾಣದ ಸೇವೆಯ ಬಗ್ಗೆ ನನ್ನ ತೀರ್ಪು ಹೀಗಿದೆ. ಮಾರಾಟಗಾರನ ಕೈಯಲ್ಲಿರುವ, ಅವನೇ ತೆಗೆದ ಫೋಟೊ ಇರುವ ನಾಣ್ಯವನ್ನು ಅಲ್ಲಿ ಕೊಳ್ಳುವುದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ರಾಯಚೂರಿನಂಥ ಊರಿನಲ್ಲಿ ಕುಳಿತವನಿಗೆ ಇಷ್ಟು ಬಗೆಯ ನಾಣ್ಯಗಳನ್ನು ಬೇರೆ ಯಾರೂ ತೋರಿಸಲಾರರು, ಮತ್ತು ತಲುಪಿಸುವ ವ್ಯವಸ್ಥೆ ನಿಜಕ್ಕೂ ಒಳ್ಳೆಯದಿದೆ. ಅದೇ ತಾಣದಲ್ಲಿ ಪೂರ್ತಿ ಹಣ ಕಟ್ಟಿ ಪ್ರಿ-ಆರ್ಡರ್ ಮಾಡುವುದಕ್ಕೆ ಐದರಲ್ಲಿ ಒಂದು. ದೂರು ನಿವಾರಣೆಗೆ ಎರಡು, ಏಕೆಂದರೆ ಹಣ ಬಂತು, ಆದರೆ ಹೊರಗಿನ ಒತ್ತಡವಿಲ್ಲದೆ ಬರಲಿಲ್ಲ. ಮುಂಗಡ ಬುಕಿಂಗ್‌ಗೆ ಮರಳಿಸುವ ಅವಧಿಯನ್ನು ಕಾಯಿಸಿದ ದಿನಗಳಿಗೆ ತಕ್ಕಂತೆ ಹೆಚ್ಚಿಸಿದರೆ, ವಾಯಿದೆಯನ್ನು ಆರ್ಡರ್ ಪುಟದಲ್ಲೇ ತಿದ್ದಲಾಗದಂತೆ ನಮೂದಿಸಿದರೆ ನಾನು ಈ ಅಂಕವನ್ನು ಸಂತೋಷದಿಂದ ಬದಲಿಸುತ್ತೇನೆ.

ಸದ್ಯ ಹುಬ್ಬಳ್ಳಿಯ ಅದೇ ವ್ಯಾಪಾರಿಯಲ್ಲಿ ಐದು ನೂರು ರೂಪಾಯಿ ಸಂಚಕಾರದ ಇನ್ನೊಂದು ಬುಕಿಂಗ್ ಚಾಲ್ತಿಯಲ್ಲಿದೆ. ರಸೀದಿಯನ್ನು ಅಂಗಡಿಯ ದಿನಚರಿಯಲ್ಲಿ ಪಿನ್ನು ಹಾಕಿ ಇಟ್ಟಿದ್ದೇನೆ. ಅವರು ಹೇಳಿದ ತಾರೀಖಿನ ಪುಟದಲ್ಲಿ, ಹತ್ತಿಯ ಬಾಕಿಗಳ ಕೆಳಗೆ, ಕೆಂಪು ಶಾಯಿಯಲ್ಲಿ ‘ನಾಣ್ಯದ ವಾಯಿದೆ’ ಎಂದು ಬರೆದಿದೆ.